ಅತ್ತೆಯ ಹಿತ್ತಲಿಗೆ ಬಂದ ಡಿಸೈನರ್

ನಮ್ಮ ಸೋದರತ್ತೆ ಯಾರ ಮಾತನ್ನೂ ಕೇಳುವುದಿಲ್ಲ ಎಂದು ಹಾನಗಲ್ಲಿನಲ್ಲಿ ಒಂದು ಸುದ್ದಿ ಇದೆ. ಇದು ಶುದ್ಧ ಸುಳ್ಳು. ಅವಳು ಎಲ್ಲರ ಮಾತನ್ನೂ ಕೇಳುತ್ತಾಳೆ. ಕೂರಲು ಕುರ್ಚಿ ಕೊಟ್ಟು, ತಿನ್ನಲು ಚುರುಮುರಿ ಕೊಟ್ಟು, ನಡುವೆ ಒಂದು ಸಲವೂ ಬಾಯಿ ಹಾಕದೆ ಕೊನೆಯ ಅಕ್ಷರದವರೆಗೂ ಕೇಳುತ್ತಾಳೆ. ಕೇಳಿ ಮುಗಿದ ಮೇಲೆ "ನೀ ಹೇಳೂದು ಖರೆ ಐತಿ" ಎನ್ನುತ್ತಾಳೆ. ಆಮೇಲೆ ಎದ್ದು ಹೋಗಿ ತನಗೆ ಬೇಕಾದ್ದನ್ನೇ ಮಾಡುತ್ತಾಳೆ. ಸಲಹೆ ಕೊಟ್ಟವರು ಖುಷಿಯಿಂದ ಮನೆಗೆ ಹೋಗುತ್ತಾರೆ, ಮರುದಿನ ಬಂದು ನೋಡಿ ತಲೆ ಹಿಡಿದುಕೊಂಡು ಕೂರುತ್ತಾರೆ. ನಮ್ಮ ಮಾವ ಮದುವೆಯಾದ ಹೊಸತರಲ್ಲಿ ಸಲಹೆ ಕೊಡುತ್ತಿದ್ದರಂತೆ. ಈಗ ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ ನೋಡಿಕೊಂಡು, ಮನೆಯಲ್ಲಿ "ಹೂಂ" ಎನ್ನುವ ಒಂದು ಮಾತನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಇಂಥ ಅತ್ತೆ ಹೋದ ವರ್ಷ ಹುಬ್ಬಳ್ಳಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿ, ಆ ಮನೆಯ ಹೂದೋಟ ನೋಡಿ ಬಂದಳು. ಊಟ ಹೇಗಿತ್ತು ಎಂದು ಕೇಳಿದರೆ ಹೇಳಲಿಲ್ಲ, ಸೀರೆ ಏನು ಕೊಟ್ಟರು ಎಂದು ಕೇಳಿದರೂ ಹೇಳಲಿಲ್ಲ. ನೇರ ಹಿತ್ತಲಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳಂತೆ. ಅಲ್ಲಿ ಇದ್ದದ್ದಾದರೂ ಏನು? ಬಚ್ಚಲ ನೀರು ಕುಡಿದು ಬೆಳೆದ ಬಾಳೆ, ಒಂದು ನುಗ್ಗೆ, ಒಂದು ಕರಿಬೇವು, ಸಗಣಿ ಕುಳ್ಳಿನ ಒಟ್ಟು, ಬಟ್ಟೆ ಒಣಹಾಕುವ ಹಗ್ಗ. ಶಿಗ್ಗಾವಿಯಲ್ಲಿ ಮಾಸ್ತರಿಕೆ ಮಾಡಿಕೊಂಡು ಸುಖವಾಗಿದ್ದ ನನಗೆ ಫೋನು ಬಂತು.

"ಹಿತ್ತಲ ಡಿಸೈನ್ ಮಾಡಸಬೇಕು. ಯಾರರ ಇದ್ರ ನೋಡು."

"ಅತ್ತಿ, ಹಿತ್ತಲಕ್ಕ ಯಾರರ ಡಿಸೈನ್ ಮಾಡಸ್ತಾರೇನು?"

"ಜಂಪರಕ್ಕ ಮಾಡಸ್ತಾರ. ಹಿತ್ತಲಕ್ಕ ಯಾಕ ಮಾಡಸಬಾರದು?"

ಗೆಳೆಯರನ್ನು ಕೇಳಿ, ಹುಬ್ಬಳ್ಳಿಯ ಒಂದು ಆಫೀಸಿಗೆ ಫೋನು ಹಚ್ಚಿದೆ. ಅವರು ಒಬ್ಬ ಹುಡುಗಿಯನ್ನು ಕಳಿಸಿಕೊಟ್ಟರು. ತೋಟದ ವಿನ್ಯಾಸವನ್ನೇ ಓದಿದ ಹುಡುಗಿ. ಅಲ್ಲಿಯವರೆಗೆ ಆಫೀಸಿನಲ್ಲಿ ಕೂತು ಬೇರೆಯವರ ನಕ್ಷೆ ತಿದ್ದುತ್ತಿದ್ದವಳು, ತಾನೊಬ್ಬಳೇ ಹೊರಗೆ ಬಂದು ಮಾಡುವ ಮೊದಲ ಕೆಲಸ ಇದು. ದೇವರು ಅವಳಿಗೆ ಮೊದಲ ಗಿರಾಕಿಯಾಗಿ ನಮ್ಮ ಅತ್ತೆಯನ್ನೇ ಆರಿಸಿಕೊಟ್ಟಿದ್ದ.

ಅತ್ತೆ ಕುಡುಗೋಲು ಹಿಡಿದ ಗಂಡಸು ಬರುತ್ತಾನೆ ಎಂದುಕೊಂಡಿದ್ದಳು. ಬಂದದ್ದು ಟೇಪು, ಲ್ಯಾಪ್‌ಟಾಪು ಹಿಡಿದ, ಕನ್ನಡಕದ ಸಣಕಲು ಹುಡುಗಿ.

"ನಮಸ್ಕಾರ ರೀ ಆಂಟಿ," ಎಂದಳು.

"ಆಂಟಿ ಅನಬ್ಯಾಡವಾ. ಅಂಟವಾಳ ಕರದಂಗ ಆಕ್ಕೈತಿ."

ಹುಡುಗಿ ತಕ್ಷಣ "ಅವ್ವಾರ" ಎಂದು ತಿದ್ದಿಕೊಂಡಳು. ಜಾಣೆ. ಆಮೇಲೆ ಪಡಸಾಲೆಯಲ್ಲಿ ಕೂತು, ತೋಟ ಅನ್ನುವುದು ಅದನ್ನು ಬಳಸುವವರ ಬದುಕಿಗೆ ಹೊಂದಬೇಕು ಎಂದು ವಿವರಿಸಿ ಕೇಳಿದಳು, "ನಿಮ್ಮ ಲೈಫ್‌ಸ್ಟೈಲ್ ಹೆಂಗೈತ್ರಿ ಅವ್ವಾರ?"

"ಮುಂಜಾನೆ ಏಳ್ತೇನಿ. ರಾತ್ರಿ ಮಲಗ್ತೇನಿ. ನಡುವ ಎಲ್ಲಾರನ್ನೂ ಬೈತೇನಿ."

ಹುಡುಗಿ ಸ್ವಲ್ಪ ಯೋಚಿಸಿ "ಆ್ಯಕ್ಟಿವ್" ಎಂದು ಟೈಪು ಮಾಡಿಕೊಂಡಳು. ಮಾವ ಅತ್ತ ತಿರುಗಿ ಕೆಮ್ಮಿದರು. ನಗುವಾಗ ಅವರು ಕೆಮ್ಮುವುದು.

ಕೆಲವು ದಿನಗಳ ಮೇಲೆ ನಕ್ಷೆ ಬಂತು. ಬಣ್ಣಬಣ್ಣದ್ದು, ನೋಡಲು ಬಲು ಚೆಂದ. ಅತ್ತೆ ಅದನ್ನು ಕಟ್ಟೆಯ ಮೇಲೆ ಹರವಿ, ನಾಲ್ಕು ಮೂಲೆಗೂ ಬೆಲ್ಲದ ಹೆಂಟೆ ಇಟ್ಟು ಪರೀಕ್ಷೆಗೆ ಕೂತಳು.

"ಇವೇನು, ಹಪ್ಪಳ ಒಣಹಾಕಿದಂಗ ಕಾಣತಾವು?"

"ಅವು ಗಿಡ ರೀ. ಮ್ಯಾಲಿಂದ ನೋಡಿದ್ರ ಹಂಗ ಕಾಣತಾವು."

"ಮ್ಯಾಲಿಂದ ಯಾರು ನೋಡ್ತಾರ? ಹದ್ದೇನು?"

ಹದ್ದಿನ ಮಾತು ಮುಗಿಯುವಷ್ಟರಲ್ಲಿ ದಾರಿಯ ಮಾತು ಬಂತು. ಹಿತ್ತಲ ಬಾಗಿಲಿನಿಂದ ಮೂಲೆಯ ಸಂಡಾಸದವರೆಗೆ ಹುಡುಗಿ ಹಾವಿನಂತೆ ಬಳುಕುವ ಒಂದು ಕಲ್ಲುದಾರಿ ಬರೆದಿದ್ದಳು. ನೆಟ್ಟಗೆ ಹೋಗುವ ಕಡೆ ಸುತ್ತು ಹಾಕುವುದು ಯಾಕೆ ಎಂದು ಅತ್ತೆ ಕೇಳಿದಳು.

"ನಡಿಯೂದು ಒಂದು ಅನುಭವ ಆಗಬೇಕ್ರಿ ಅವ್ವಾರ. ಸಾವಕಾಶ, ಗಿಡ ನೋಡಿಕೋಂತ ಹೋಗಬೇಕು."

"ನಮ್ಮ ಮನಿಯವರನ್ನ ಕೇಳು. ಮುಂಜಾನೆದ್ದು ಆ ಕಡೆ ಹೋಗೂ ಮನಶ್ಯಾಗ ಗಿಡ ನೋಡೂವಷ್ಟು ವ್ಯಾಳ್ಯಾ ಇರತೈತೇನು ಅಂತ."

ಮಾವ ಮತ್ತೆ ಕೆಮ್ಮಿದರು. ಆದರೂ ದಾರಿ ಬಳುಕಿದಂತೆಯೇ ಆಯಿತು, ಯಾಕೆಂದರೆ ಅತ್ತೆ ಎಲ್ಲ ಕೇಳಿ "ನೀ ಹೇಳೂದು ಖರೆ ಐತಿ" ಎಂದಿದ್ದಳು. ಕಲ್ಲು ಹಾಸಿದ ಮರುದಿನದಿಂದಲೇ ಮನೆಯವರೆಲ್ಲ ದಾರಿ ಬಿಟ್ಟು ನಡುವೆ ಹಾದು ಹೋಗತೊಡಗಿದರು. ಸ್ವಲ್ಪ ದಿನಕ್ಕೆ ಅಲ್ಲೂ ಒಂದು ದಾರಿ ಮೂಡಿತು. ಡಿಸೈನರದ್ದೊಂದು, ಅತ್ತೆಯದ್ದೊಂದು.

ನಕ್ಷೆಯ ನಟ್ಟನಡುವೆ ಏನೂ ಬರೆಯದ ಒಂದು ಜಾಗವಿತ್ತು. ಇಲ್ಲಿ ಏನು ಬರುತ್ತದೆ ಎಂದು ಅತ್ತೆ ಕೇಳಿದಳು.

"ಇಲ್ಲೆ ಏನೂ ಬರೂದಿಲ್ರಿ. ಬರೇ ಹುಲ್ಲು. ಕಣ್ಣಿಗೆ ವಿಶ್ರಾಂತಿ ಸಿಗಬೇಕಂದ್ರ ಖಾಲಿ ಜಾಗಾ ಬೇಕಾಕ್ಕೈತಿ."

ಅತ್ತೆಗೆ ಇದು ಬಹಳ ಹಿಡಿಸಿತು. ಅವಳ ಸಂಸಾರದಲ್ಲಿ ಯಾರೂ ಅವಳಿಗೆಂದು ಖಾಲಿ ಜಾಗ ಬಿಟ್ಟುಕೊಟ್ಟಿರಲಿಲ್ಲ. ಮುಂದಿನ ಸಲ ಹುಡುಗಿ ಬಂದಾಗ ಆ ಜಾಗದಲ್ಲಿ ಒಂದು ಹೊರಸು, ಹೊರಸಿನ ಮೇಲೆ ಧೋತರ, ಧೋತರದ ಮೇಲೆ ಶ್ಯಾವಿಗೆ ಒಣಗುತ್ತಿತ್ತು.

"ಅವ್ವಾರ, ಇಲ್ಲೆ ಕಣ್ಣಿಗೆ ವಿಶ್ರಾಂತಿ ಅಂತ ಹೇಳಿದ್ದೆ..."

"ಹೌದಲ್ಲ. ಕಣ್ಣೂ ವಿಶ್ರಾಂತಿ ತಗೊಳ್ಳಾಕತ್ತಾವು, ಶ್ಯಾವಿಗಿನೂ ತಗೊಳ್ಳಾಕತ್ತೈತಿ."

ಹುಲ್ಲು ಬಂದದ್ದು ಇನ್ನೊಂದು ಕಥೆ. ಚಾಪೆಯಂತೆ ಸುರುಳಿ ಸುತ್ತಿದ ಹುಲ್ಲು ಟೆಂಪೋದಲ್ಲಿ ಬಂದಿಳಿದಾಗ ಓಣಿಯೇ ನೋಡಲು ನೆರೆಯಿತು. ಆಳುಗಳು ಅದನ್ನು ಬಿಡಿಸಿ ಹಾಸಿದರು. ಹುಡುಗಿ ನೀರು ಹಾಕಿಸಿ, ಬೇರು ಹಿಡಿದ ಮೇಲೆ ಆಗಾಗ ಕತ್ತರಿಸುತ್ತ ಇರಬೇಕು, ಅದಕ್ಕೆ ಒಂದು ಮಶಿನ್ ಬೇಕು ಎಂದು ಹೇಳಿ ಹೋದಳು. ಮುಂದೆ ಅವಳು ಬಂದ ದಿನ ಪಕ್ಕದ ಮನೆಯ ಎಮ್ಮೆ ಹುಲ್ಲಿನ ನಡುವೆ ನಿಂತು, ಕಣ್ಣು ಅರ್ಧ ಮುಚ್ಚಿ ಮೇಯುತ್ತಿತ್ತು. ಹುಡುಗಿ ಬ್ಯಾಗು ಎಸೆದು ಓಡಿದಳು. ಅತ್ತೆ ಕಟ್ಟೆಯ ಮೇಲಿಂದ ಕೂಗಿದಳು, "ಬಿಡ ಬಿಡ, ಓಡಿಸಬ್ಯಾಡ. ಮಶಿನ್ ಅದು."

ಆದರೆ ಎಲ್ಲಕ್ಕಿಂತ ದೊಡ್ಡ ಗದ್ದಲ ನಡೆದದ್ದು ಸವಣೂರಿನಲ್ಲಿ. ತೋಟಕ್ಕೆ ಕಣ್ಣು ಸೆಳೆಯುವ ಒಂದು ಮುಖ್ಯ ಮರ ಬೇಕು, ನಿಮ್ಮ ಮನಸ್ಸಿನಲ್ಲಿ ಯಾವುದಾದರೂ ಇದೆಯೇ ಎಂದು ಹುಡುಗಿ ಕೇಳಿಬಿಟ್ಟಳು. ಇದೆ, ತೋರಿಸುತ್ತೇನೆ ನಡಿ ಎಂದು ಅತ್ತೆ ನನ್ನ ಹಳೆಯ ಕಾರಿನಲ್ಲಿ ಇಬ್ಬರನ್ನೂ ಹೊರಡಿಸಿದಳು. ನಾನು ಯಾವುದೋ ನರ್ಸರಿ ಇರಬೇಕು ಎಂದುಕೊಂಡೆ. ಅವಳು ಕಾರು ನಿಲ್ಲಿಸಲು ಹೇಳಿದ್ದು ಸವಣೂರಿನ ದೊಡ್ಡ ಹುಣಸೆಮರಗಳ ಮುಂದೆ. ಹೆಸರಿಗೆ ಹುಣಸೆ, ಮರ ಮಾತ್ರ ಬೇರೆ ದೇಶದ್ದು. ನೋಡಿದರೆ ಆನೆಗಳು ಒಂದಕ್ಕೊಂದು ಆತು ನಿಂತ ಹಾಗೆ. ನಾವು ಮೂವರೂ ಕೈ ಕೈ ಹಿಡಿದು ನಿಂತರೆ ಬೊಡ್ಡೆಯ ಒಂದು ಮಗ್ಗುಲೂ ತುಂಬಲಿಲ್ಲ.

"ಇಂಥಾದ್ದೊಂದು," ಎಂದಳು ಅತ್ತೆ.

ಹುಡುಗಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಅವ್ವಾರ, ಇದು ಇಷ್ಟು ಬೆಳಿಯಾಕ ನೂರಾರು ವರ್ಷ ಹಿಡದೈತ್ರಿ."

"ನನಗೇನು ಅವಸರ ಇಲ್ಲ."

ವಾಪಸು ಬರುವಾಗ ಹುಡುಗಿ ಹಿಂದಿನ ಸೀಟಿನಲ್ಲಿ ಅಲ್ಲಿಯ ಹೆಸರಾದ ಕುರುಕಲು, ಸವಣೂರ ಖಾರದ ಪೊಟ್ಟಣ ಹಿಡಿದು ಒಂದೇ ಸಮನೆ ತಿನ್ನುತ್ತಿದ್ದಳು. ಅದು ದುಃಖದ ತಿನ್ನುವಿಕೆಯೋ ಹಸಿವೆಯ ತಿನ್ನುವಿಕೆಯೋ ನನಗೆ ತಿಳಿಯಲಿಲ್ಲ. ಪೊಟ್ಟಣ ಮಾತ್ರ ಖಾಲಿಯಾಯಿತು. ಕೊನೆಗೆ ಮುಖ್ಯ ಮರದ ಜಾಗಕ್ಕೆ ಒಂದು ಸಂಪಿಗೆ ಸಸಿ ಬಂತು. ಅತ್ತೆ ಅದನ್ನು ಬಹಳ ದಿನ, ದೊಡ್ಡ ಹುಣಸೆ ಬರುವವರೆಗಿನ "ತಾತ್ಪೂರ್ತಿಕ ಗಿಡ" ಎಂದೇ ಕರೆದಳು.

ಶಾಸನದ ವಿಷಯ ಬಿಟ್ಟೆನಲ್ಲ. ಹಿತ್ತಲ ಬಾಗಿಲ ಹತ್ತಿರ ಒಂದು ಚೆಂದದ ಕಲ್ಲು ನಿಲ್ಲಿಸೋಣ ಎಂದು ಹುಡುಗಿ ಅಂದಿದ್ದೇ ತಡ, ಆಡೂರಿನಲ್ಲಿ ಇರುವಂಥ ಹಳೆಯ ಶಾಸನವೇ ಇರಲಿ ಎಂದು ಅತ್ತೆ ಹಟ ಹಿಡಿದಳು. ಹಳೆಯ ಶಾಸನಗಳ ಕೊನೆಯಲ್ಲಿ, ಇದನ್ನು ಕೆಡಿಸಿದವರಿಗೆ ಇಂಥ ಪಾಪ ತಟ್ಟಲಿ ಎಂದು ಬರೆದಿರುತ್ತದಲ್ಲ, ಅದನ್ನು ಯಾರೋ ಅವಳಿಗೆ ಓದಿ ಹೇಳಿದ್ದರು. ತನ್ನ ಶಾಸನದ ಸಾಲನ್ನು ಅವಳೇ ಹೇಳಿ ಬರೆಸಿದಳು: ಈ ಹಿತ್ತಲದ ಹೂವು ಕದ್ದವರಿಗೆ ಮುಂದಿನ ಜನ್ಮದಲ್ಲಿ ಮೂಗು ಇರುವುದಿಲ್ಲ. ಕಲ್ಲು ಕೆತ್ತುವವನು ನಕ್ಕು ನಕ್ಕು ಉಳಿ ಕೈಬಿಟ್ಟದ್ದರಿಂದ ಅದು ತಗಡಿನ ಬೋರ್ಡಿಗೆ ಇಳಿಯಿತು. ಈಗಲೂ ಇದೆ. ಓಣಿಯ ಹೆಂಗಸರು ಅಲ್ಲಿ ಬಂದಾಗ ಮೂಗು ಮುಟ್ಟಿಕೊಂಡು ಹೋಗುತ್ತಾರೆ.

ಹೀಗೆ ನಗುತ್ತ ಕೆಮ್ಮುತ್ತ ಮಳೆಗಾಲ ಕಳೆಯಿತು. ಗಿಡಗಳು ಚಿಗಿತವು. ಒಂದು ಸಂಜೆ ನಾನು ಅಲ್ಲೇ ಇದ್ದೆ. ಹುಡುಗಿ ನುಗ್ಗೆಮರದ ಮರೆಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು.

"ಹೌದ್ರಿ ಸರ್. ಇಲ್ರಿ ಸರ್. ಫೋಟೋದಾಗ ಕಾಣೂ ಹೊರಸು ನಮ್ಮ ಡಿಸೈನ್‌ದಾಗ ಇಲ್ರಿ. ಎಮ್ಮಿನೂ ಇಲ್ರಿ ಸರ್."

ಆ ಕಡೆಯ ದನಿ ನಮಗೆ ಕೇಳುವಷ್ಟು ದೊಡ್ಡದಿತ್ತು. ಗಿರಾಕಿಯನ್ನು ಸಂಭಾಳಿಸಲು ಬರದವಳಿಗೆ ಹೊರಗಿನ ಕೆಲಸ ಕೊಟ್ಟದ್ದೇ ತಪ್ಪಾಯಿತು, ನಾಳೆ ನಾನೇ ಬಂದು ನೋಡುತ್ತೇನೆ, ಇದು ಹೀಗೇ ಇದ್ದರೆ ನೀನು ಮತ್ತೆ ಆಫೀಸಿನ ಟೇಬಲ್ಲಿಗೇ ಬಾ ಎನ್ನುತ್ತಿತ್ತು. ಹುಡುಗಿ ಫೋನು ಇಟ್ಟು, ಮುಖ ತೊಳೆದುಕೊಂಡು, ಏನೂ ಆಗದವಳಂತೆ ಬಂದು "ನಾಳೆ ನಮ್ಮ ಸಾಹೇಬ್ರು ಬರ್ತಾರ್ರಿ ಅವ್ವಾರ" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟಳು. ಹೊರಸು ತೆಗೆಯಿರಿ ಎಂದು ಕೇಳಲೇ ಇಲ್ಲ. ಕೇಳಿ ಕೇಳಿ ಸಾಕಾಗಿತ್ತೋ ಏನೋ. ಕಟ್ಟೆಯ ಮೇಲೆ ಹೆಸರುಕಾಳು ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಮೊರ ಮಾತ್ರ ಬಹಳ ಹೊತ್ತು ಆಡಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದ ನನಗೆ ಬೇರೆ ಯಾರದೋ ಮನೆಗೆ ಬಂದೆನೇನೋ ಅನಿಸಿತು. ಹೊರಸು ಮಾವನ ಕೋಣೆ ಸೇರಿತ್ತು. ಶ್ಯಾವಿಗೆ ದೇವರ ಕೋಣೆಯಲ್ಲಿ ಕೂತಿತ್ತು. ಬಟ್ಟೆಯ ಹಗ್ಗ ಬಿಚ್ಚಿ ಆಗಿತ್ತು. ಪಕ್ಕದ ಮನೆಯ ಎಮ್ಮೆಯನ್ನು ಅವರ ಹೊಲಕ್ಕೆ ಹೊಡೆಸಿ ಆಗಿತ್ತು. ಅತ್ತೆಯ ದಾರಿ ಇದ್ದಲ್ಲಿ ಅಂಚಿನಿಂದ ಎಬ್ಬಿಸಿ ತಂದ ಹುಲ್ಲು ಕೂತು ನೀರು ಕುಡಿಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಮಾವ ಕೈಯಲ್ಲಿ ತಂಬಿಗೆ ಹಿಡಿದು ಅವಸರದಲ್ಲಿದ್ದರೂ, ಬಳುಕಿದ ಕಲ್ಲುದಾರಿಯ ಮೇಲೆ ಒಂದೊಂದು ತಿರುವನ್ನೂ ಮರ್ಯಾದೆಯಿಂದ ಸುತ್ತುತ್ತ ಹೋಗುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಇಳಕಲ್ ಸೀರೆ ಉಟ್ಟು ಕಾವಲಿಗೆ ನಿಂತಿದ್ದಳು.

ಸಾಹೇಬರು ಬಂದರು. ಹಿಂದೆ ಹುಡುಗಿ, ಮುಖದಲ್ಲಿ ರಕ್ತವಿಲ್ಲ. ಬಾಗಿಲು ದಾಟಿದವಳೇ ಹಿತ್ತಲನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಅವಳು ಬರೆದ ನಕ್ಷೆ ನೆಲದ ಮೇಲೆ ಇಳಿದು ಕೂತಿತ್ತು. ಸಾಹೇಬರು ಮೂಲೆ ಮೂಲೆ ಸುತ್ತಿ ಫೋಟೋ ಹೊಡೆದರು. ಕೊನೆಗೆ, ನಿಮಗೆ ಸಮಾಧಾನ ಆಗಿದೆಯೇ ಎಂದು ಅತ್ತೆಯನ್ನು ಕೇಳಿದರು.

"ಬರ್ರಿಲ್ಲೆ, ತೋರಸ್ತೇನಿ," ಎಂದು ಅತ್ತೆ ಅವರನ್ನು ಹುಲ್ಲಿನ ಅಂಚಿಗೆ ಕರೆದೊಯ್ದಳು. "ನೋಡ್ರಿ, ಇಲ್ಲೆ ಏನೂ ಇಲ್ಲ. ಇದನ್ನ ಈಕಿನ ಮಾಡಿದ್ದು. ನಮ್ಮಂಥವರಿಗೆ ಬರೂದಿಲ್ಲಿದು, ನಾವು ತುಂಬಿಬಿಡ್ತೇವಿ."

ಸಾಹೇಬರು ಸ್ವಲ್ಪ ಹೊತ್ತು ಆ ಏನೂ ಇಲ್ಲದ್ದನ್ನು ನೋಡುತ್ತ ನಿಂತರು. ಹಂಸಭಾವಿಯಲ್ಲಿ ಒಂದು ಹೊಸ ಮನೆಯ ತೋಟ ಬಂದಿದೆ, ಅದನ್ನೂ ನೀನೇ ನೋಡಿಕೋ ಎಂದು ಹುಡುಗಿಗೆ ಹೇಳಿ ಕಾರು ಹತ್ತಿದರು.

ಅವರು ಹೋದ ಮೇಲೆ ಹುಡುಗಿ ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಕೂತವಳು ಅಳತೊಡಗಿದಳು.

"ಯಾಕ್ರಿ ಅವ್ವಾರ, ಎಲ್ಲಾ ಯಾಕ ತಗದ್ರಿ?"

"ಮನಿಗೆ ಮಂದಿ ಬರ್ತಾರಂದ್ರ ಸ್ವಚ್ಛ ಮಾಡಬಾರದೇನು?" ಎಂದು ಅತ್ತೆ ಗದರಿದಳು. ಆಮೇಲೆ ಅವಳನ್ನೇ ದಿಟ್ಟಿಸಿ ನೋಡಿ, "ಇದೇನ ತಲಿ ಹಿಂಗ ಕೆದರೇತಿ? ಎಣ್ಣಿ ಕಂಡು ಎಷ್ಟು ದಿವಸಾತು? ಸರಿ ಈ ಕಡೆ," ಎಂದು ಎಣ್ಣೆಯ ಬಟ್ಟಲು, ಬಾಚಣಿಗೆ ತಂದು, ಮೇಲಿನ ಮೆಟ್ಟಿಲಲ್ಲಿ ಕೂತು ಅವಳನ್ನು ಎಳೆದುಕೊಂಡಳು.

"ಬಿಗಿ ಆದ್ರ ಹೇಳು."

"ಇಲ್ರಿ." ಹುಡುಗಿ ಕಣ್ಣೊರೆಸಿಕೊಂಡಳು. "ನಮ್ಮ ಅವ್ವ ಹೋದ ಮ್ಯಾಲೆ ಯಾರೂ ಬಾಚಿದ್ದಿಲ್ರಿ."

ಅತ್ತೆಯ ಕೈ ಒಂದು ಗಳಿಗೆ ನಿಂತಿತು. ಮತ್ತೆ ಬಾಚಿದಳು, ಈ ಸಲ ಮೆಲ್ಲಗೆ. ಜಡೆ ಹೆಣೆದು ಮುಗಿಯುವಷ್ಟರಲ್ಲಿ ಹುಡುಗಿ ಅವಳ ಮೊಣಕಾಲಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದಳು. ಹಿಂದಿನ ರಾತ್ರಿ ಮಲಗಿರಲಿಕ್ಕಿಲ್ಲ. ಅತ್ತೆ ಜಡೆಯ ತುದಿಯನ್ನು ಕೈಯಲ್ಲೇ ಹಿಡಿದುಕೊಂಡು, ಕಟ್ಟದೆ, ಕದಲದೆ ಕೂತಳು.

ಮಾವ ಒಳಗಿನಿಂದ ಬಂದು ಚಹಾ ಎಂದು ಬಾಯಿ ತೆರೆದರು. ಅತ್ತೆ ಇನ್ನೊಂದು ಕೈಯಿಂದ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಮಾವ ಇಬ್ಬರನ್ನೂ ನೋಡಿದರು. ತಾವೇ ಅಡಿಗೆಮನೆಗೆ ಹೋಗಿ, ಬೋಗುಣಿಯ ಸದ್ದಾಗದಂತೆ ಇಷ್ಟಿಷ್ಟೇ ಹುಡುಕಾಡಿ, ಹುಟ್ಟಿದಾರಭ್ಯ ಮೊದಲ ಸಲ ಚಹಾ ಮಾಡಿಕೊಂಡು ಬಂದರು.

ಚಹಾ ಬಹಳ ಕೆಟ್ಟದಾಗಿತ್ತು. ಅತ್ತೆ ಪೂರ್ತಿ ಕುಡಿದಳು.