ದಾರಿ ಹೇಳುವ ಡಬ್ಬಿಗೆ ಬೊಟ್ಟು

ಜಯರಾಮಪ್ಪನಿಗೆ ಫೋನಿನ ಮೇಲಿದ್ದ ಸಿಟ್ಟು ಇವತ್ತು ನಿನ್ನೆಯದಲ್ಲ. ಹೋದ ವರ್ಷ ತಂಗಿ ಕಲ್ಪನಳ ಗೃಹಪ್ರವೇಶಕ್ಕೆ ಹೊರಟ ದಿನ ಅದು ಮಾಡಿದ ದ್ರೋಹವನ್ನು ಅವನು ಈ ಜನ್ಮದಲ್ಲಿ ಮರೆಯುವವನಲ್ಲ. ಕ್ಯಾಸಂಬಳ್ಳಿವರೆಗೆ ಒಳ್ಳೆಯ ಹುಡುಗನ ಹಾಗೆ ದಾರಿ ತೋರಿಸಿಕೊಂಡು ಬಂದ ಫೋನು, ತಂಗಿಯ ಊರು ಹುಣಸೆಕುಂಟೆಯ ಮಣ್ಣುದಾರಿಗೆ ಇಳಿದದ್ದೇ ತಡ, ಸಿಗ್ನಲ್ ಕಳೆದುಕೊಂಡು ಬಾಯಿ ಮುಚ್ಚಿಕೊಂಡಿತು. ಒಂದು ದಿಬ್ಬದ ಮೇಲೆ ಸಿಗ್ನಲ್ ಸಿಕ್ಕಿತು ಅನ್ನುವಷ್ಟರಲ್ಲಿ ಯಾವಳೋ ಪುಣ್ಯಾತ್ಗಿತ್ತಿ ಕರೆ ಮಾಡಿ, ಕ್ರೆಡಿಟ್ ಕಾರ್ಡ್ ಬೇಕೇ ಸಾರ್ ಎಂದು ಕೇಳಿದಳು. ಬೇಡಮ್ಮಾ ಅನ್ನುವುದರೊಳಗೆ ಕಾರು ಒಂದು ಇಟ್ಟಿಗೆ ಗೂಡಿನ ಮುಂದೆ ನಿಂತಿತ್ತು. (ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದಾನಲ್ಲ, ದಾರಿ ಗೊತ್ತಿಲ್ಲವೇ ಎಂದು ನೀವು ಕೇಳಬಹುದು. ಬಸ್ಸಿನಲ್ಲಿ ಹೋಗುವವರಿಗೆ ಸ್ಟಾಪು ಗೊತ್ತಿರುತ್ತದೆ, ದಾರಿ ಗೊತ್ತಿರುವುದಿಲ್ಲ. ಅದೂ ಅಲ್ಲದೆ ಕಲ್ಪನಳ ಹೊಸ ಮನೆ ಇರುವುದು ಊರಾಚೆಯ ತೋಟದಲ್ಲಿ.) ಗಂಡ ಹೆಂಡತಿ ಹೋಗಿ ಸೇರಿದಾಗ ಎಲೆ ಎತ್ತುತ್ತಿದ್ದರು. ಕಲ್ಪನಳ ಗಂಡ ಮುನಿಶಾಮಿ ನಾಲ್ಕು ಜನರ ಮುಂದೆ, "ಬಾವ ಸರ್ಯಾದ ಟೈಮಿಗೆ ಬಂದವ್ರೆ, ಎಲೆ ಎತ್ತೋಕೆ ಆಳು ಕಮ್ಮಿ ಇದ್ರು" ಅಂದುಬಿಟ್ಟ. ಅವತ್ತಿನಿಂದ ಮುನಿಶಾಮಿಯ ಜೊತೆ ಜಯರಾಮಪ್ಪನ ಮಾತು ಹೂಂ, ಊಹೂಂಗೆ ನಿಂತಿತ್ತು.

ಈಗ ಕಲ್ಪನಳ ಮಗಳು ಲಿಖಿತಳಿಗೆ ಕಿವಿ ಚುಚ್ಚಿಸುವ ದಿನ ಬಂದಿತ್ತು. ಮದುವೆಯಾಗಿ ಎಷ್ಟೋ ವರ್ಷಕ್ಕೆ, ಹರಕೆ ಹೊತ್ತು ಹೊತ್ತು ಹುಟ್ಟಿದ ಮಗು. ಕಿವಿ ಚುಚ್ಚುವಾಗ ಅದು ಸೋದರಮಾವನ ತೊಡೆಯ ಮೇಲೆಯೇ ಕೂರಬೇಕು, ಓಲೆಯನ್ನೂ ಸೋದರಮಾವನೇ ತರಬೇಕು. ಅಪ್ಪ ಅಮ್ಮ ಇಬ್ಬರೂ ತೀರಿಹೋಗಿ ಕಲ್ಪನಳಿಗೆ ತವರು ಅಂದರೆ ಈ ಅಣ್ಣನೊಬ್ಬನೇ ಉಳಿದಿದ್ದ. "ಬುಧವಾರ ಹನ್ನೆರಡಕ್ಕೆ ರಾಹುಕಾಲ ಅಣ್ಣಯ್ಯ. ಅಷ್ಟರೊಳಗೆ ಬಂದ್ಬುಡು. ಈ ಸಲನೂ ಎಲೆ ಎತ್ತೋ ಒತ್ತಿಗೆ ಬಂದ್ರೆ ನಾನು ಈ ಮನೇಲಿ ತಲೆ ಎತ್ಕೊಂಡು ಓಡಾಡೋ ಅಂಗಿಲ್ಲ" ಎಂದು ಕಲ್ಪನ ಫೋನಿನಲ್ಲಿ ಹೇಳಿದ್ದಳು. ಅವತ್ತು ಜಯರಾಮಪ್ಪನಿಗೆ ಊಟ ಸೇರಲಿಲ್ಲ.

ಊಟ ಸೇರದ ಹೊಟ್ಟೆಯಲ್ಲಿಯೇ ಆ ದಿವ್ಯ ಆಲೋಚನೆ ಹುಟ್ಟಿದ್ದು. ಎರಡೇ ದಿನಕ್ಕೆ ಬೆಂಗಳೂರಿನಿಂದ ಕೊರಿಯರಿನಲ್ಲಿ ಒಂದು ಡಬ್ಬಿ ಬಂತು. ಕಾರಿನ ಮುಂದಿನ ಗಾಜಿಗೆ ಅಂಟಿಸುವ, ದಾರಿ ಹೇಳುವುದೊಂದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಜಿಪಿಎಸ್ ಯಂತ್ರ.

"ಫೋನಲ್ಲಿ ಬಿಟ್ಟಿ ಸಿಗೋದಕ್ಕೆ ಯಾಕ್ರೀ ಇದು?" ಎಂದಳು ಹೆಂಡತಿ ಇಂದ್ರಾಣಿ.

"ಬಿಟ್ಟಿ ಸಿಕ್ಕಿದ್ದು ಎಂಗಿರ್ತದೆ ಅಂತ ಹೋದ ವರ್ಷ ನೋಡಿದ್ವಲ್ಲ. ಇದಕ್ಕೆ ಸಿಗ್ನಲ್ ಬೇಡ, ನೆಟ್ ಬೇಡ, ನೇರ ಆಕಾಶದಿಂದ ಮಾತು. ಫೋನು ಅಂದ್ರೆ ಸಾವಿರ ಕೆಲಸ ಮಾಡೋ ಸೋಮಾರಿ. ಇದು ಒಂದೇ ಕೆಲಸ ಮಾಡೋ ನಿಷ್ಠಾವಂತ."

"ನಿಷ್ಠಾವಂತ ಅಲ್ಲ, ನಿಷ್ಠಾವಂತೆ. ಹೆಂಗಸಿನ ದನಿ ಐತೆ."

"ದನಿ ಯಾವುದಾದ್ರೇನು? ತಪ್ಪು ದಾರಿಗೆ ಹೋದ್ರೂ ಬಯ್ಯಲ್ಲ ಅವಳು."

ಈ ಮಾತನ್ನು ಆಡಬಾರದಿತ್ತು ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ರಾತ್ರಿ ಮುದ್ದೆಯ ಜೊತೆ ಬಂದ ಸಾರಿನಲ್ಲಿ ಉಪ್ಪಿರಲಿಲ್ಲ.

ಜಯರಾಮಪ್ಪ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್. ಪೊಲೀಸ್ ಅಲ್ಲ, ಅಳತೆಯ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಅಳತೆ ತಪ್ಪಿದ ಸಾಮಾನನ್ನು ವಾಪಸ್ ಕಳಿಸುವುದೇ ಅವನ ಉದ್ಯೋಗ. ಆಯುಧಪೂಜೆಯ ದಿನ ಅಳತೆಯ ಒಂದೊಂದು ಉಪಕರಣವನ್ನೂ ಒರೆಸಿ, ಬೊಟ್ಟಿಟ್ಟು, ಕೈಮುಗಿದು ರೂಢಿಯಾದ ಕೈ. ಪೂಜೆಯಿಲ್ಲದೆ ಯಂತ್ರ ಮುಟ್ಟುವುದು ಅವನ ಜಾಯಮಾನದಲ್ಲೇ ಇಲ್ಲ.

ಬುಧವಾರ ಬೆಳಿಗ್ಗೆ ಬೇಗನೆ ಎದ್ದು ಮೊದಲು ಬಂಗಾರಪೇಟೆಗೆ ಹೋದರು. ಓಲೆ ಮಾಡಲು ಹಾಕಿದ್ದ ಅಕ್ಕಸಾಲಿ ಇದ್ದದ್ದು ಅಲ್ಲಿ. ಓಲೆ ಕೈಗೆ ಬಂದ ಮೇಲೆ ಜಯರಾಮಪ್ಪ ಗಣಪತಿ ಗುಡಿಯ ಮುಂದೆ ಕಾರು ನಿಲ್ಲಿಸಿ, ಯಂತ್ರಕ್ಕೆ ಹುಣಸೆಕುಂಟೆಯ ವಿಳಾಸ ತುಂಬಿಸಿದ. ಆಮೇಲೆ ಚಕ್ರಕ್ಕೆ ನಿಂಬೆಹಣ್ಣು, ಗಾಜಿಗೆ ಹೂವು. ಕೊನೆಗೆ ನೀರಿನಲ್ಲಿ ಕಲೆಸಿದ ಕುಂಕುಮವನ್ನು ಹೆಬ್ಬೆಟ್ಟಿನಲ್ಲಿ ಬಳಿದುಕೊಂಡು ಯಂತ್ರದ ಮುಂದೆ ಯೋಚಿಸುತ್ತ ನಿಂತ. ನಡುವೆ ಇಟ್ಟರೆ ದಾರಿ ಮುಚ್ಚಿಹೋಗುತ್ತದೆ. ಹಾಗಾಗಿ ಕೆಳಮೂಲೆಯಲ್ಲಿದ್ದ ಯಾವುದೋ ಚಿಕ್ಕ ಚಿತ್ರದ ಮೇಲೆ, ಒಂದು ಕೂದಲೆಳೆಯೂ ಆಚೀಚೆ ಆಗದಂತೆ, ದಪ್ಪಗೆ ಒತ್ತಿ ಇಟ್ಟ. ಪರದೆ ಒಮ್ಮೆ ಮಿಂಚಿ ಬದಲಾಯಿತು.

"ನೋಡ್ದಾ? ಒಪ್ಕೊಂಡ್ಳು" ಎಂದ ಭಕ್ತಿಯಿಂದ. "ನಿನ್ನ ಫೋನ್ ಆಫ್ ಮಾಡು. ಇಬ್ರು ಒಟ್ಟಿಗೆ ದಾರಿ ಹೇಳಿದ್ರೆ ಕಷ್ಟ."

"ಈಗ್ಲೂ ಇಬ್ರೇ ಅಲ್ವಾ, ನಾನೂ ಅವಳೂ" ಎಂದು ಗೊಣಗಿ ಇಂದ್ರಾಣಿ ಫೋನನ್ನು ಆಫ್ ಮಾಡಿ ಬ್ಯಾಗಿಗೆ ಹಾಕಿದಳು.

ಯಂತ್ರ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಜಯರಾಮಪ್ಪ ಅದನ್ನು ಹೆಂಡತಿಗಾಗಿ ಕನ್ನಡಕ್ಕೆ ತರುತ್ತಿದ್ದ. "ಮುಂದಿನ ವೃತ್ತದಲ್ಲಿ ಬಲಕ್ಕೆ ತಿರುಗತಕ್ಕದ್ದು ಅಂತವ್ಳೆ." "ನೇರವಾಗಿ ಮುಂದುವರಿಯತಕ್ಕದ್ದು ಅಂತವ್ಳೆ." ಇಂದ್ರಾಣಿಗೆ ಮೊದಲು ಏನೂ ಅನುಮಾನ ಬರಲಿಲ್ಲ, ಬಂಗಾರಪೇಟೆಯಿಂದ ಹೊರಟವರು ಕ್ಯಾಸಂಬಳ್ಳಿಗೆ ಹೋಗುವುದೂ ಕೆಜಿಎಫ್ ಮೇಲೆಯೇ. ತಾವಿರುವ ಆ ಊರೊಳಗೆ ಬಂದು ದೊಡ್ಡ ರಸ್ತೆ ಬಿಟ್ಟಾಗ ಮಾತ್ರ ನೆಟ್ಟಗೆ ಕೂತಳು.

"ರೀ, ಇದು ನಮ್ಮ ಏರಿಯಾ ಕಣ್ರೀ."

"ಶಾರ್ಟ್‌ಕಟ್ಟು."

"ನಮ್ಮ ಹಾಲಿನ ಬೂತು ಬಂತು."

"ಆಕಾಶದಿಂದ ನೋಡ್ದವ್ರಿಗೆ ನಮಗಿಂತ ಚೆನ್ನಾಗಿ ಕಾಣ್ತದೆ. ಸುಮ್ನಿರು."

"ಅಯ್ಯೋ, ಇದು ನಮ್ಮದೇ ರೋಡು!"

"ಎಲ್ಲಾ ರೋಡೂ ಯಾರ್ದೋ ಒಬ್ರ ಮನೆ ಮುಂದೇನೇ ಹೋಗೋದು ಕಣೇ. ಇದು ನಮ್ಮನೆ ಮುಂದೆ ಓಗ್ತದೆ, ಅಷ್ಟೇ."

ಅಷ್ಟೇ ಆಗಿರಲಿಲ್ಲ. ಅವರದೇ ಗೇಟಿನ ಮುಂದೆ, ತುಳಸಿಕಟ್ಟೆಗೆ ಸರಿಯಾಗಿ, ಯಂತ್ರ ಒಂದು ಮಾತು ಹೇಳಿ ಸುಮ್ಮನಾಯಿತು. ಜಯರಾಮಪ್ಪ ಮೊದಲ ಸಲ ಕನ್ನಡಕ್ಕೆ ತರಲಿಲ್ಲ.

"ಏನಂತವ್ಳೆ?" ಎಂದಳು ಇಂದ್ರಾಣಿ.

"ಸೇರಬೇಕಾದ ಜಾಗಕ್ಕೆ ಸೇರಿದ್ದೀರಿ ಅಂತ" ಎಂದ ಸಣ್ಣ ದನಿಯಲ್ಲಿ.

ಪಕ್ಕದ ಮನೆಯ ಮಾರಿಯಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, ತಮಿಳು ಬೆರೆಸಿ, "ಎನ್ನ ಸಾರ್, ಅಷ್ಟರೊಳಗೆ ಫಂಕ್ಷನ್ ಮುಗೀತಾ?" ಎಂದು ಕೇಳಿದರು. ಇಂದ್ರಾಣಿ ಸೆರಗಿನ ತುದಿಯಿಂದ ಯಂತ್ರದ ಕೆಳಮೂಲೆಯನ್ನು ಒರೆಸಿದಳು. ಕುಂಕುಮದ ಅಡಿಯಿಂದ ಪುಟ್ಟದೊಂದು ಮನೆಯ ಚಿತ್ರ ಹೊರಬಂತು. ಅದನ್ನು ಒತ್ತಿದರೆ ಎಲ್ಲಿದ್ದರೂ ಮನೆಗೆ ವಾಪಸ್ ಕರೆತರುವ ಸೌಕರ್ಯವಂತೆ, ಡಬ್ಬಿ ಬಿಚ್ಚಿದ ದಿನ ಗಂಡನೇ ಹೆಮ್ಮೆಯಿಂದ ವಿವರಿಸಿದ್ದು ಅವಳಿಗೆ ನೆನಪಿತ್ತು. ಅವನಿಗೂ ಈಗ ನೆನಪಾಯಿತು. ಜೀವನವಿಡೀ ಅಳತೆ ತಪ್ಪಿದ ಸಾಮಾನನ್ನು ವಾಪಸ್ ಕಳಿಸಿದವನು ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಕೂತುಬಿಟ್ಟ.

ಫೋನ್ ಆನ್ ಮಾಡಿದ ತಕ್ಷಣ ಅದು ಹೊಡೆದುಕೊಂಡಿತು. ಮುನಿಶಾಮಿ. ಇಂದ್ರಾಣಿ ಸ್ಪೀಕರಿಗೆ ಹಾಕಿದಳು.

"ಎಲ್ಲಿದ್ದೀರಾ ಬಾವ?"

ಜಯರಾಮಪ್ಪ ಸುಳ್ಳು ಹೇಳುವವನಲ್ಲ. "ಮನೇಲಿ" ಅಂದ.

"ಇನ್ನೂ ಮನೆ ಬಿಟ್ಟೇ ಇಲ್ವಾ? ಆಗ್ಲಿ ಬಿಡಿ. ಬರೋ ಮನಸಿಲ್ದೋರ್ನ ಕರ್ದಿದ್ದು ನಮ್ದೇ ತಪ್ಪು" ಅಂದ ಮುನಿಶಾಮಿ.

ಅಷ್ಟರಲ್ಲಿ ಕಲ್ಪನ ಫೋನು ಕಿತ್ತುಕೊಂಡಿದ್ದಳು. "ಅಣ್ಣಯ್ಯಾ, ಕಿವಿ ಚುಚ್ಚೋ ಆಚಾರಿ ಬಂದು ಕೂತವ್ರೆ. ನಿನ್ನ ತೊಡೆ ಮೇಲಲ್ದೆ ನಾನು ಮಗೂನ ಕೂರ್ಸಲ್ಲ" ಎಂದು ಅತ್ತಳು. ಬೆಳಿಗ್ಗೆಯಿಂದ ಕಾರು ಓಡಿಸುತ್ತಲೇ ಇದ್ದೇನೆ ಎಂದರೆ ಯಾರು ನಂಬುತ್ತಾರೆ? ಜಯರಾಮಪ್ಪ ಗಾಡಿ ತಿರುಗಿಸಿ ಕ್ಯಾಸಂಬಳ್ಳಿ ರಸ್ತೆಗೆ ನುಗ್ಗಿಸಿದ. ಇಂದ್ರಾಣಿ ಮಾತ್ರ ಫೋನು ಬಿಡಲಿಲ್ಲ. ಗಣಪತಿ ಗುಡಿಯಿಂದ ಹಿಡಿದು ತುಳಸಿಕಟ್ಟೆಯವರೆಗೆ, ಹೆಬ್ಬೆಟ್ಟು, ಕುಂಕುಮ, ಶಾರ್ಟ್‌ಕಟ್ಟು, ಒಂದನ್ನೂ ಬಿಡದೆ ನಾದಿನಿಗೆ ಹೇಳಿದಳು. "ಅಷ್ಟೂ ಹೇಳ್ಬೇಕಾ?" ಎಂದು ಗಂಡ ಬೇಡಿಕೊಂಡ. "ಹೇಳ್ಳೇಬೇಕು" ಎಂದಳು.

ಕ್ಯಾಸಂಬಳ್ಳಿ ಬಸ್ ಸ್ಟಾಪಿನಲ್ಲಿ ಟಿವಿಎಸ್ ಗಾಡಿಯ ಮೇಲೆ ಒಬ್ಬ ಕಾದಿದ್ದ. ಮುನಿಶಾಮಿ. ಕಾರು ಹತ್ತಿರ ಬಂದಾಗ ಮುಖ ಬಿಗಿದುಕೊಳ್ಳಲು ನೋಡಿದ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ವರ್ಷದ ನಗು ಒಟ್ಟಿಗೆ ಬಂದಂತಿತ್ತು.

"ಬಾವ, ನಾನು ಮುಂದೆ ಓಗ್ತೀನಿ, ನನ್ನಿಂದೆ ಬನ್ನಿ. ಕೈಮುಗಿತೀನಿ, ನನಗೆ ಮಾತ್ರ ಬೊಟ್ಟಿಕ್ಬೇಡಿ!"

ಟಿವಿಎಸ್ಸಿನ ಹಿಂದೆ ಧೂಳು ಕುಡಿಯುತ್ತ, ರಾಹುಕಾಲ ಹೊಸ್ತಿಲು ತುಳಿಯುವ ಮುಂಚೆ ಸೋದರಮಾವ ಚಾಪೆಯ ಮೇಲೆ ಕೂತ. ಆಚಾರಿಯ ಕೈ ಕಿವಿ ಮುಟ್ಟಿದಾಗ ಲಿಖಿತ ಮಾವನ ಮೀಸೆಯನ್ನು ಹಿಡಿದು ಎಳೆದು ಊರು ಕೇಳುವಂತೆ ಕಿರುಚಿದಳು. ಮಾವನ ಕಣ್ಣಲ್ಲೂ ನೀರು. ಮೀಸೆಯ ನೋವಿಗೆ ಎಂದು ಅವನು ಹೇಳಿದ. ಕಲ್ಪನ ನಂಬಲಿಲ್ಲ, ಸೆರಗಿನಿಂದ ಮೊದಲು ಅಣ್ಣನ ಮುಖ ಒರೆಸಿ ಆಮೇಲೆ ಮಗಳ ಮುಖ ಒರೆಸಿದಳು. ಊಟದ ಪಂಕ್ತಿಯಲ್ಲಿ ಮುನಿಶಾಮಿ ತಾನೇ ನಿಂತು ಬಾವನ ಎಲೆಗೆ ಮತ್ತೆ ಮತ್ತೆ ಒಬ್ಬಟ್ಟು ಹಾಕಿದ. ನೆಂಟರಿಗೆಲ್ಲ ಕುಂಕುಮದ ಕಥೆಯನ್ನು ಹಾಡಿ ಹಾಡಿ ಹೇಳಿದ. ಜಯರಾಮಪ್ಪ ತಲೆ ತಗ್ಗಿಸಿ ಒಬ್ಬಟ್ಟು ತಿಂದ, ಆದರೆ ಅಷ್ಟು ನೆಮ್ಮದಿಯ ಊಟವನ್ನು ಅವನು ಉಂಡು ವರ್ಷವಾಗಿತ್ತು.

ಸಂಜೆ ಹೊರಡುವಾಗ ಕಲ್ಪನ ಅತ್ತಿಗೆಗೆ ಅರಿಶಿನ ಕುಂಕುಮ ಕೊಟ್ಟಳು. ಮುನಿಶಾಮಿ ಕಾರೊಳಗೆ ಬಗ್ಗಿ ನೋಡಿ, "ಅಲ್ಲ ಅಕ್ಕ, ಕೊನೇಗೆ ಈ ಡಬ್ಬಿ ಯಾವ ಉಪಯೋಗಕ್ಕೆ?" ಎಂದ.

"ಮನೆಗೆ ಕರ್ಕೊಂಡು ಬರ್ತದೆ. ಗಂಡಸ್ರಿಗೆ ಅಷ್ಟು ಸಾಕು" ಎಂದಳು ಇಂದ್ರಾಣಿ. ಕುಂಕುಮದ ಬಟ್ಟಲಿಗೆ ಬೆರಳದ್ದಿ, ಕೆಳಮೂಲೆಯ ಮನೆಯ ಮೇಲೆ ಒತ್ತಿ ಬೊಟ್ಟಿಟ್ಟಳು.

ಯಂತ್ರ ಇಂಗ್ಲಿಷಿನಲ್ಲಿ ಏನೋ ಹೇಳಿತು. ಜಯರಾಮಪ್ಪ ಬಾಯಿ ತೆರೆಯುವಷ್ಟರಲ್ಲಿ ಇಂದ್ರಾಣಿಯೇ ಕನ್ನಡಕ್ಕೆ ತಂದಳು.

"ಹೆಂಡ್ತಿ ಹೇಳ್ದಂಗೆ ಎಡಕ್ಕೆ ತಿರುಗತಕ್ಕದ್ದು ಅಂತವ್ಳೆ."

ಜಯರಾಮಪ್ಪ ಎಡಕ್ಕೆ ತಿರುಗಿಸಿದ.