ಏಕಾದಶಿ ದಿನದ ಹೋಂವರ್ಕ್

ಇವತ್ತು ಹಾಲು ಕಾಯಿಸಿದೆ, ಗ್ಯಾಸ್ ಬುಕ್ ಮಾಡಿದೆ, ಅತ್ತೆಯವರ ವಾರದ ಮಾತ್ರೆ ಡಬ್ಬಿಗೆ ತುಂಬಿದೆ, ಬಾಲ್ಕನಿಯಲ್ಲಿ ಒಣಹಾಕಿದ್ದ ಕೊತ್ತಂಬರಿ ಬೀಜ ಎರಡು ಸಲ ತಿರುವಿದೆ, ನಡುಮನೆಯ ಗೋಡೆಯ ಒಂದು ಮೊಳೆ ಒರೆಸಿದೆ. ಮೊಳೆಯನ್ನು ಯಾರಾದರೂ ಒರೆಸುತ್ತಾರೆಯೇ ಎನ್ನಬೇಡಿ. ಏನೂ ನೇತುಹಾಕದ ಮೊಳೆ ಬಹಳ ಕಣ್ಣಿಗೆ ಬೀಳುತ್ತದೆ.

ಅಣ್ಣಾ ನಗರದ ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟು ಎಲ್ಲರ ಸರ್ಟಿಫಿಕೇಟೂ ಗೋಡೆಯ ಮೇಲಿದೆ. ಯಜಮಾನರ ಡಿಗ್ರಿ, ಮಗಳು ರಮ್ಯಳ ಈಜಿನದು, ಅತ್ತೆಯವರ ಹಿಂದಿ ಪರೀಕ್ಷೆಯದು. ನಾನು ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟು ಮದುವೆಯಾಗಿ ಮೈಸೂರಿನಿಂದ ಈ ತಮಿಳು ಊರಿಗೆ ಬಂದವಳು. ಹಾಗಾಗಿ ಒಂದು ವಿಶ್ವವಿದ್ಯಾಲಯ ಆಹಾರ ವಿಜ್ಞಾನವನ್ನು ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಕಲಿಸುತ್ತದೆ, ಯಾರು ಬೇಕಾದರೂ ಸೇರಬಹುದು ಎಂದು ತಿಳಿದಾಗ, ಸೊಪ್ಪು ಬಿಡಿಸುತ್ತಲೇ ಸೇರಿಕೊಂಡೆ. ಕ್ಯಾಲೆಂಡರಿಗೆ ಮೊಳೆ ಹೊಡೆಯಲು ನಾಲ್ಕು ತಿಂಗಳು ತೆಗೆದುಕೊಂಡಿದ್ದ ಯಜಮಾನರು ನನ್ನ ಸರ್ಟಿಫಿಕೇಟಿಗೆ ಆ ಭಾನುವಾರವೇ ಹೊಡೆದರು. ಗಿಂಡಿ ಬಡಾವಣೆಯಲ್ಲಿರುವ ತಮ್ಮ ಆಫೀಸಿಗೆಲ್ಲ ಸುದ್ದಿ ಹೇಳಿಯೂ ಬಂದರು. ಇನ್ನು ನಾನು ಫೇಲಾಗುವ ಹಾಗಿರಲಿಲ್ಲ.

ಕೊನೆಯ ಹೋಂವರ್ಕ್ ಸುಲಭದ್ದು: ಮನೆಯಲ್ಲಿ ಒಂದು ದಿನ ತಿಂದದ್ದನ್ನೆಲ್ಲ ಬಿಡದೆ ಬರೆಯಬೇಕು. ಅಂಕ ಕೊಡುವವರು ಮೇಷ್ಟರಲ್ಲ, ಎಲ್ಲೆಲ್ಲೋ ಕೂತು ಇದೇ ಪಾಠ ಓದುತ್ತಿರುವ ಮೂವರು. ಮಿತಾಹಾರಿ ಎನ್ನಿಸಿಕೊಳ್ಳುವ ಆಸೆಯಿಂದ ನಾನು ಬೇಕೆಂದೇ ಏಕಾದಶಿಯನ್ನು ಆರಿಸಿಕೊಂಡೆ. ‘ಈ ದಿನ ನಮಗೆ ಉಪವಾಸ’ ಎಂದು ಗಂಭೀರವಾಗಿ ಶುರುಮಾಡಿದೆ. ಆಮೇಲೆ ಗೋಧಿ ರವೆ ಉಪ್ಪಿಟ್ಟು, ಬೇಯಿಸಿದ ಗೆಣಸು, ಬಾಳೆಹಣ್ಣಿನ ರಸಾಯನ, ಸಬ್ಬಕ್ಕಿ ಪಾಯಸ, ಕಡಲೆಕಾಯಿ ಉಂಡೆ, ನಡುನಡುವೆ ಕಾಫಿ, ರಾತ್ರಿಗೆ ಗೋಧಿ ದೋಸೆ, ಮಲಗುವಾಗ ಬಾದಾಮಿ ಹಾಲು. ಬರೆಯುತ್ತಾ ಬರೆಯುತ್ತಾ ಎರಡನೇ ಪುಟಕ್ಕೆ ಹೋಯಿತು.

ಮೂವರೂ ಸೇರಿ ಫೇಲು ಮಾಡಿದರು. ಒಬ್ಬರು ಕೆಳಗೆ ಬರೆದಿದ್ದರು: “ಇದು ಉಪವಾಸವಾದರೆ ನೀವು ಊಟ ಮಾಡುವ ದಿನ ಯಾವುದು? ತಿಳಿಸಿ, ನಾನೂ ಬರುತ್ತೇನೆ.”

“ಅಲ್ವೇ ಪದ್ಮಾ, ಒಂದಗುಳು ಅನ್ನ ಮುಟ್ಟಿದೀವಾ? ಉಪವಾಸ ಅಂದ್ರೇನು ಅಂತಾನೇ ಗೊತ್ತಿಲ್ಲದೋರ ಕೈಗೆ ಮಾರ್ಕು ಕೊಟ್ಟಿದಾರಲ್ಲ!” ಎಂದು ಅತ್ತೆ ಕೆರಳಿದರು. ರಮ್ಯ ಎಂದಿನಂತೆ ತಮಿಳಿನಲ್ಲಿ “ವಿಡು ಅಮ್ಮಾ, ಫ್ರೀ ದಾನೇ” ಎಂದಳು. ಬಿಡಮ್ಮ, ಬಿಟ್ಟಿಯದೇ ತಾನೇ, ಅಂತ. ಯಜಮಾನರು ಮೊಳೆಯನ್ನೇ ನೋಡುತ್ತಾ, “ಸದ್ಯಕ್ಕೆ ಆ ಕ್ಯಾಲೆಂಡರನ್ನೇ ಇಲ್ಲಿ ಹಾಕಿರಲೇನೇ?” ಎಂದರು. ಮಿಕ್ಕಿದ್ದನ್ನೆಲ್ಲ ತಡೆದುಕೊಂಡೆ, ಇದೊಂದು ಚುಚ್ಚಿತು.

ಇನ್ನೊಂದು ಸಲ ಬರೆದು ಕಳಿಸುವ ಅವಕಾಶವಿತ್ತು. ಈ ಸಲ ಜಾಣತನ ಬಿಟ್ಟು ಒಂದು ಸಾದಾ ಮಂಗಳವಾರವನ್ನು ಬರೆದೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಹುಳಿ, ಹುರುಳಿಕಾಯಿ ಪಲ್ಯ, ರಾತ್ರಿ ಮೊಸರನ್ನ. ಅರ್ಧ ಪುಟವೂ ತುಂಬಲಿಲ್ಲ. ಇವತ್ತು ಮಧ್ಯಾಹ್ನ ಫಲಿತಾಂಶ ಬಂತು: ಪಾಸು. ಕೆಳಗೆ ಒಂದು ಸಾಲು: “ಬಹಳ ಮಿತವಾದ ಆಹಾರ. ಅವತ್ತೇನಾದರೂ ಉಪವಾಸವಿತ್ತೇ?”

ಯಜಮಾನರು ಆಫೀಸಿನಿಂದ ಬರುವಾಗಲೇ ನಾನು ಫೋನಿಗೆ ಕಳಿಸಿದ ಸರ್ಟಿಫಿಕೇಟನ್ನು ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ ತಂದು ಮೊಳೆಗೆ ತೂಗುಹಾಕಿದರು. “ಇಂಥ ದಿನ ಸಿಹಿ ಇಲ್ಲದೆ ಹೇಗೆ?” ಎಂದರು ಅತ್ತೆ. ಹೋಳಿಗೆ, ಅದರ ಮೇಲೆ ತುಪ್ಪ, ಅಂಬೊಡೆ, ಚಿತ್ರಾನ್ನ ಆಯಿತು. ಹೋಳಿಗೆ ಎಲ್ಲರೂ ಎರಡೆರಡು ತಿಂದರು. ಆಹಾರ ವಿಜ್ಞಾನ ಓದಿದವಳು ನಾಲ್ಕು ತಿಂದು, ತನ್ನ ಸರ್ಟಿಫಿಕೇಟಿನ ಕೆಳಗೇ ಚಾಪೆ ಹಾಸಿಕೊಂಡು, ಎಲ್ಲರಿಗಿಂತ ಮೊದಲು ಮಲಗಿದಳು.