ಮ್ಯಾಕ್ರೋನಿಗೆ ತಕ್ಕ ಜೋಡಿ

ನಮ್ಮ ಓಣಿಯ ಜನಕ್ಕೆ ನಾನು ಋಣಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳುತ್ತಾ ಹೋದಂತೆ ಸಿಟ್ಟು ಬಂದು ಮರೆತರೂ ಮರೆತೇನು. ಇಡೀ ಇಂಡಿ ಊರಲ್ಲಿ ಇಷ್ಟು ಒಳ್ಳೆಯ ಜನ ಇನ್ನೊಂದು ಓಣಿಯಲ್ಲಿ ಸಿಗುವುದಿಲ್ಲ. ಅವರು ಒಂದಿಷ್ಟು ಕಡಿಮೆ ಒಳ್ಳೆಯವರಾಗಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅಷ್ಟೇ.

ನನ್ನ ಹೆಂಡತಿ ವಿದ್ಯಾವತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಳುಕಿಸಿಕೊಂಡದ್ದರಿಂದ ಇದೆಲ್ಲ ಶುರುವಾಯಿತು. ಡಾಕ್ಟರು ದಪ್ಪ ಬಿಳಿ ಪಟ್ಟಿ ಸುತ್ತಿ, "ಎಂಟು ದಿನ ರೊಟ್ಟಿ ಬಡೀಬ್ಯಾಡ್ರಿ" ಅಂದರು. ಅಕ್ಕಪಕ್ಕದ ಮನೆಗಳಿಂದ ರೊಟ್ಟಿ ಇಸಿದುಕೊಂಡರಾಯಿತು ಎಂದು ಅವಳು ಸಹಜವಾಗಿಯೇ ಹೇಳಿದಳು. ಆದರೆ ನನಗೆ ಅಷ್ಟರಲ್ಲಿ ಬೇರೆ ವಿಚಾರ ಹೊಳೆದಿತ್ತು.

ಆ ವರ್ಷ ನಮ್ಮ ಮನೆಗೆ ಕೇಬಲ್ ಟೀವಿ ಬಂದಿತ್ತು. ಮಧ್ಯಾಹ್ನ ನನ್ನ ಗೊಬ್ಬರದ ಅಂಗಡಿ ಮುಚ್ಚಿ ಊಟಕ್ಕೆ ಬಂದಾಗ ಯಾವುದೋ ಚಾನೆಲ್ಲಿನಲ್ಲಿ ಒಬ್ಬ ಹೆಣ್ಣುಮಗಳು ದಿನಕ್ಕೊಂದು ದೇಶದ ಅಡುಗೆ ಮಾಡಿ ತೋರಿಸುತ್ತಿದ್ದಳು. ಬೆವರಿಲ್ಲ, ಹೊಗೆಯಿಲ್ಲ, ಗಂಡನನ್ನು ಬೈಯುವುದಿಲ್ಲ. ಅಡುಗೆ ಇಷ್ಟು ಸುಲಭ ಎಂದು ನನಗೆ ಮೊದಲ ಬಾರಿ ಗೊತ್ತಾಯಿತು.

"ನಾಳಿಂದ ಅಡಿಗಿ ನಂದು" ಎಂದೆ. "ದಿನಕ್ಕೊಂದು ದೇಶ. ನೀ ಕುಂತು ಉಣ್ಣು."

"ನೀವು? ನಿಮಗ ಚಹಾ ಸೋಸಾಕ ಬರೂದಿಲ್ಲಲ್ರಿ."

"ಇಟಲಿದಾಗ ಚಹಾ ಸೋಸೂದಿಲ್ಲ."

ಇಲ್ಲಿಗೆ ನಿಲ್ಲಿಸಿದ್ದರೆ ಬರೀ ಹೊಟ್ಟೆ ಕೆಡುತ್ತಿತ್ತು. ಆದರೆ ಆ ಟೀವಿಯ ಹೆಣ್ಣುಮಗಳು ಪ್ರತಿದಿನ ಕೊನೆಗೆ ಒಂದು ಬಾಟಲಿ ಎತ್ತಿ ಹಿಡಿದು, ಇಂಥ ಅಡುಗೆಗೆ ಇಂಥ ವೈನೇ ಜೋಡಿ ಎನ್ನುತ್ತಿದ್ದಳು. ಜೋಡಿಯಿಲ್ಲದ ಅಡುಗೆ ಅರ್ಧ ಅಡುಗೆಯಂತೆ. ಇದನ್ನು ವಿದ್ಯಾವತಿಗೆ ತಿಳಿಸಿ ಹೇಳಿದೆ.

"ಹೋಳಗಿಗೆ ಕಟ್ಟಿನ ಸಾರು ಇಲ್ಲೇನು? ಸಜ್ಜಿ ರೊಟ್ಟಿಗೆ ಬೆಣ್ಣಿ ಇಲ್ಲೇನು? ಹಂಗ ಇದು."

"ಅಂದ್ರ ಊಟಕ್ಕೂ ಜಾತಕ ಕೂಡಸ್ತಾರಂತೀರಿ."

"ಹೂಂ, ಒಂದು ನಮೂನಿ ಹಂಗ."

"ನಮ್ಮಿಬ್ಬರದೂ ಕೂಡಿಸಿದ ಅಯ್ಯಾರ ಕಡೆ ಮಾತ್ರ ಹೋಗಬ್ಯಾಡ್ರಿ ಮತ್ತ."

ವೈನಿನ ಬಾಟಲಿ ಆಗಲೇ ಮನೆಯಲ್ಲಿತ್ತು. ಅಗರಖೇಡದಲ್ಲಿ ದ್ರಾಕ್ಷಿ ಬೆಳೆಯುವ ಗೆಳೆಯ ಧರ್ಮರಾಜ ಬೆಳೆಗಾರರ ಜೊತೆ ನಾಸಿಕದ ಕಡೆ ಹೋಗಿ ಬಂದಿದ್ದ. ಆ ಕಡೆ ಹೋದವರು ಪ್ರಸಾದ ತರುತ್ತಾರೆ, ಇವನು ಬಾಟಲಿ ತಂದ. "ನಾವು ದ್ರಾಕ್ಷಿ ಒಣಗಿಸಿ ಮಣೂಕ ಮಾಡ್ತೇವಿ, ಅವರು ಕೊಳಿಸಿ ಇದನ್ನ ಮಾಡ್ತಾರ, ಇಟ್ಕೊ" ಎಂದು ಪೇಪರಿನಲ್ಲಿ ಸುತ್ತಿ ಕೊಟ್ಟುಹೋಗಿದ್ದ.

ಆದರೆ ನಾನು ಕುಡಿಯುವವನಲ್ಲ. ಇದನ್ನು ದಯವಿಟ್ಟು ನೆನಪಿಡಿ, ಯಾಕೆಂದರೆ ಈಗ ಇದನ್ನು ನೆನಪಿಟ್ಟುಕೊಂಡವರು ಯಾರೂ ಉಳಿದಿಲ್ಲ. ನನ್ನ ಮಾವ ಬಸಂತರಾಯರು ಮುದ್ದೇಬಿಹಾಳದ ನಿವೃತ್ತ ಹೆಡ್ ಮಾಸ್ತರು. ಮಗಳನ್ನು ಕೊಡುವ ಮುಂಚೆ ಇಂಡಿಯಲ್ಲೂ ಸಿಂದಗಿಯಲ್ಲೂ ವಿಚಾರಿಸಿ, "ಹುಡುಗ ಅಡಕಿ ಚೂರು ಸೈತ ಬಾಯಾಗ ಹಾಕೂದಿಲ್ಲ" ಎಂದು ಖಾತ್ರಿಯಾದ ಮೇಲೇ ಹೂಂ ಅಂದವರು. ರೂಪ, ಆಸ್ತಿ, ವಿದ್ಯೆ ಯಾವುದರಲ್ಲೂ ನಾನು ಪಾಸಾಗಿರಲಿಲ್ಲ. ಆ ಅಡಿಕೆ ಚೂರಿನ ಮೇಲೇ ನನ್ನ ಸಂಸಾರ ನಿಂತಿತ್ತು.

ಹಾಗಾದರೆ ಕುಡಿಯದೆ ಜೋಡಿ ಮಾಡುವುದು ಹೇಗೆ? ಬಾಟಲಿಯನ್ನು ಬಿಚ್ಚುವುದೇ ಬೇಡ, ತಾಟಿನ ಪಕ್ಕದಲ್ಲಿಟ್ಟುಕೊಂಡು ನೋಡುತ್ತಾ ಉಣ್ಣುವುದು ಎಂದು ತೀರ್ಮಾನಿಸಿದೆ. (ದೇವರಿಗೆ ಎಡೆ ತೋರಿಸುತ್ತೇವಲ್ಲ, ದೇವರೇನು ಕೂತು ಉಣ್ಣುತ್ತಾನೆಯೇ?) ಗಾಳಿ ಬೆಳಕು ಚೆನ್ನಾಗಿದೆಯೆಂದು ಪಡಸಾಲೆಯಲ್ಲಿ, ಓಣಿಯ ಕಡೆಗಿರುವ ಕಿಟಕಿಯ ಹತ್ತಿರ ಎರಡು ತಾಟು, ನಡುವೆ ಒಂದು ಬಾಟಲಿ. ಹೀಗೆ ನಮ್ಮ ಮನೆಯಲ್ಲಿ ಅಂತರರಾಷ್ಟ್ರೀಯ ಪಾಕಪರ್ವ ಆರಂಭವಾಯಿತು.

ಸೋಮವಾರ ಇಟಲಿ. ಮ್ಯಾಕ್ರೋನಿಯನ್ನು ಸೊಲ್ಲಾಪುರದಿಂದ ತರಿಸಿದ್ದೆ. ಚೀಜು ಸಿಗಲಿಲ್ಲ, ಬಣ್ಣ ಅದೇ ಎಂದು ಖವಾ ಹಾಕಿದೆ. ಮಂಗಳವಾರ ಮೆಕ್ಸಿಕೊ. ಅಲಸಂದಿ ಕಾಳು ಬೇಯಿಸಿ, ಅವರ ಮೆಣಸಿನಕಾಯಿ ಸಾಲದೇ ಹೋದೀತೆಂದು ನಮ್ಮದೂ ಸೇರಿಸಿದೆ. ಬುಧವಾರ ಚೀನಾ. ಅತ್ತೆಯವರು ಕೈಯಿಂದ ಹೊಸೆದು ಕಳಿಸಿದ್ದ ಶ್ಯಾವಿಗೆಗೆ ವಿನೆಗರ್ ಸುರಿದಾಗ ವಿದ್ಯಾವತಿ ಒಂದು ಮಾತೂ ಆಡಲಿಲ್ಲ. ಅದು ರುಚಿಗೆ ಸೋತ ಮೌನ ಎಂದು ನಾನು ತಿಳಿದೆ.

ಮೊದಲ ದಿನವೇ ಅಕ್ಕಪಕ್ಕಕ್ಕೂ ಒಂದೊಂದು ಬಟ್ಟಲು ಕಳಿಸಿದ್ದೆ. ಎದುರು ಮನೆಯ ಚನ್ನವ್ವ ಆಯಿ ನಮ್ಮ ಓಣಿಗೇ ಹಿರಿಯಳು. ಮ್ಯಾಕ್ರೋನಿಯನ್ನು ಬೆರಳಲ್ಲಿ ಒತ್ತಿ ನೋಡಿ, ಗೋದಿ ಹಿಟ್ಟಿನ ಗವಲಿಯ ಸಿಹಿ ಹುಗ್ಗಿಯೆಂದೇ ತಿಳಿದು, "ಗವಲಿ ಹುಗ್ಗಿಯೇನ ತಮ್ಮಾ? ಬೆಲ್ಲಕ್ಕೂ ಗತಿ ಇಲ್ಲದಂಗ ಆತೇನು?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಪಕ್ಕದ ಮನೆಯ ಅಬಿದಾ ವೈನಿ (ವೈನಿ ಎಂದರೆ ಅತ್ತಿಗೆ, ಬಾಟಲಿಯದಲ್ಲ) ಬಟ್ಟಲು ತಿರುಗಿ ಕೊಡಲು ಬಂದವರು ಹೆಂಡತಿಯ ಕೈ ನೋಡಿದರು.

"ಕೈಗೇನಾತು ವಿದ್ಯಾಕ್ಕಾ?"

"ಬಚ್ಚಲದಾಗ ಜಾರಿ ಬಿದ್ನಿ."

ಅಬಿದಾ ವೈನಿ ಒಮ್ಮೆ ನನ್ನ ಕಡೆ, ಒಮ್ಮೆ ಬಾಟಲಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಹೌದ ಬಿಡವಾ. ಎಲ್ಲಾರೂ ಬಚ್ಚಲದಾಗ ಬೀಳೂದು."

ಅಂದಿನಿಂದ ಸಂಜೆಯಾದರೆ ಸಾಕು, ಒಂದು ಮನೆಯಿಂದ ರೊಟ್ಟಿ, ಇನ್ನೊಂದು ಮನೆಯಿಂದ ಪುಂಡಿಪಲ್ಲೆ, ಮತ್ತೊಂದರಿಂದ ಶೇಂಗಾ ಹಿಂಡಿ ಮುಚ್ಚಿದ ತಾಟಿನಲ್ಲಿ ಬರತೊಡಗಿತು. ವಿದ್ಯಾವತಿ ನನ್ನ ಚೀನಾವನ್ನು ಪಕ್ಕಕ್ಕೆ ಸರಿಸಿ ಅದನ್ನೇ ಉಂಡಳು. ನನ್ನ ಕೈಗುಣಕ್ಕೆ ಓಣಿಯವರು ಸಲ್ಲಿಸುತ್ತಿರುವ ಕಾಣಿಕೆ ಇದು ಎಂದು ನಾನು ಉಬ್ಬಿದೆ. ಅಬಿದಾ ವೈನಿಯ ಗಂಡ, ಸೈಕಲ್ ರಿಪೇರಿಯ ಕಾಸಿಂಸಾಬ, ಗುರುವಾರ ಸಂಜೆ ಕಿಟಕಿಯ ಹೊರಗೆ ನಿಂತು ಬಹಳ ಸಂಕೋಚದಿಂದ ಕೇಳಿದ.

"ಕಲ್ಮೇಶಣ್ಣಾ, ಇದು ದಿನಾ ಬೇಕೇನ್ರಿ?"

"ದಿನಾ ಬೇಕು ಕಾಸಿಂಭಾಯ್! ಇನ್ನೂ ಭಾಳ ದೇಶ ಉಳದಾವು."

ಅವನು ತಲೆ ತಗ್ಗಿಸಿಕೊಂಡು ಹೋದ.

ಶನಿವಾರ ಸಂಜೆ ಸ್ಪೇನ್ ಮಾಡಬೇಕೆಂದು ಲಿಂಬೆಹಣ್ಣು ತೆಗೆದುಕೊಂಡು ಅಂಗಡಿಯಿಂದ ಮನೆಗೆ ಬಂದೆ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಚನ್ನವ್ವ ಆಯಿ, ಅಬಿದಾ ವೈನಿ, ಕಾಸಿಂಸಾಬ, ಅವರ ಹಿಂದೆ ಅರ್ಧ ಓಣಿ. ನಡುವೆ ಕುರ್ಚಿಯ ಮೇಲೆ, ಮೊಣಕಾಲುಗಳ ನಡುವೆ ಕೊಡೆ ಹಿಡಿದುಕೊಂಡು, ನನ್ನ ಮಾವ.

"ಬರ್ರಿ ಅಳಿಯಂದ್ರ" ಎಂದರು. ಸಾಲೆಯಲ್ಲಿ ಕಡೇ ಬೆಂಚಿನವರನ್ನು ಕರೆಯುತ್ತಿದ್ದ ದನಿ ಅದು.

ಚನ್ನವ್ವ ಆಯಿ ನನ್ನ ಕೈ ಹಿಡಿದು ಕೂರಿಸಿಕೊಂಡಳು. "ತಮ್ಮಾ, ಸಿಟ್ಟಾಗಬ್ಯಾಡ. ನಾನ ಬೂತಿನಿಂದ ಫೋನ್ ಮಾಡಿಸಿ ಕರಸೇನಿ. ನಿಮ್ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಕೇಳಿ ಎಷ್ಟ ದಿನ ಆತು? ದೀಪಾ ಹಚ್ಚೂ ಹೊತ್ತಿಗೆ ಎಲ್ಲಾ ಮನ್ಯಾಗ ಪಟಪಟ ಅಂತೈತಿ, ನಿಮ್ಮನಿ ಒಂದ ಸುಮ್ಮನ. ಸಪ್ಪಳಿಲ್ಲದ ಮನಿ ಅಂದ್ರ ಒಂದು ಸಾವು, ಇಲ್ಲಾ ಜಗಳಾ, ಇಲ್ಲಾ ಜೋಳದ ರೊಕ್ಕಾ ಬಾಟ್ಲಿಗೆ ಹೋಗೇತಿ. ಸತ್ತವರು ಯಾರೂ ಇಲ್ಲ. ದಿನಾ ಸಂಜಿಕ ಹೊಸಾ ಬಾಟ್ಲಿ, ಅದೂ ಕಿಡಕ್ಯಾಗ! ಹುಡುಗಿ ಕೈ ನೋಡಿದ್ರ ಹಂಗ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಆಯಿ! ಹೊಸಾ ಬಾಟ್ಲಿ ಅಲ್ಲ, ಅದು ಒಂದ ಬಾಟ್ಲಿ! ಬಿಚ್ಚೇ ಇಲ್ಲ! ಬರೇ ಮುಂದ ಇಟ್ಕೊಂಡು ನೋಡ್ತಿದ್ದೆ!"

"ನೋಡ್ತಿದ್ರಿ" ಎಂದರು ಮಾವ.

"ಹೌದ್ರಿ ಮಾವಾರ."

"ಹುಟ್ಟಾ ಸಾಲ್ಯಾಗ ಹುಡುಗರ ನೆಪಾ ಕೇಳ್ಕೋತ ಬಂದೇನಿ. ಇಂಥಾದ್ದು ಕೇಳಿದ್ದಿಲ್ಲ."

"ತೋರಸ್ತೇನಿ ತಡೀರಿ" ಎಂದು ಅಡುಗೆಮನೆಗೆ ಓಡಿದೆ. ಬಿರಡೆ ಹಾಕಿದ ಬಾಟಲಿಯೇ ನನ್ನ ಸಾಕ್ಷಿ. ಗೋಡೆಯ ಮಾಡದಿಂದ ಅದನ್ನು ಎತ್ತಿದರೆ ಹಗುರವಾಗಿ ಮೇಲೆ ಬಂತು. ಬಿರಡೆ ಇಲ್ಲ. ಒಳಗೆ ಒಂದು ಹನಿಯೂ ಇಲ್ಲ.

"ನಾವ ಸುರುವೀವಿ ತಮ್ಮಾ" ಎಂದಳು ಆಯಿ, ಬೆನ್ನ ಹಿಂದೆಯೇ ಬಂದು. "ಕಾಸಿಂಸಾಬ ಮಧ್ಯಾಹ್ನ ಸೈಕಲ್ ಕಡ್ಡಿಲೆ ಬಿರಡಿ ಕಿತ್ತುಕೊಟ್ಟು ಅಂಗಡಿಗೆ ಹ್ವಾದ, ನಾವು ಹಿತ್ತಲದ ಲಿಂಬಿ ಗಿಡಕ್ಕ ಹಾಕಿದ್ವಿ. ಪುಣ್ಯಾ, ಇವತ್ತಿಂದು ನೀ ಬಿಚ್ಚೂದ್ರಾಗ ಸಿಕ್ತು."

ಉಳಿದದ್ದು ಒಂದೇ ಆಸರೆ. "ವಿದ್ಯಾ, ನೀನರ ಹೇಳು!"

ವಿದ್ಯಾವತಿ ಪಟ್ಟಿ ಕಟ್ಟಿದ ಕೈಯಿಂದ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. "ಅವರು ಕುಡಿಯೂದಿಲ್ಲಪ್ಪಾ" ಎಂದಳು. ದನಿ ನಡುಗುತ್ತಿತ್ತು, ಭುಜಗಳು ಕುಲುಕುತ್ತಿದ್ದವು. ಅವಳು ನಗು ತಡೆದುಕೊಳ್ಳುತ್ತಿದ್ದಾಳೆ ಎಂದು ಕಟ್ಟಿಕೊಂಡ ನನಗೆ ಗೊತ್ತಾಯಿತು. ಉಳಿದವರೆಲ್ಲ ಅವಳು ಅಳುತ್ತಿದ್ದಾಳೆ ಎಂದೇ ತಿಳಿದರು.

"ನೋಡ್ರಿ, ಹ್ಯಾಂಗ ಗಂಡನ್ನ ಕಾಯ್ತಾಳ" ಎಂದು ಅಬಿದಾ ವೈನಿ ಕಣ್ಣೊರೆಸಿಕೊಂಡರು.

ನಾನು ಇನ್ನೂ ವಾದಿಸುವವನೇ ಇದ್ದೆ. ಆದರೆ ಬಾಯಿ ತೆರೆಯುವ ಮುಂಚೆ ಒಂದು ಸಲ ಎಲ್ಲರ ಮುಖ ನೋಡಿದೆ. ಒಬ್ಬರ ಮುಖದಲ್ಲೂ ತಮಾಷೆ ನೋಡಲು ಬಂದ ಕಳೆ ಇರಲಿಲ್ಲ. ಚನ್ನವ್ವ ಆಯಿ ನಾನು ಕುಡಿತ ಬಿಡುವ ತನಕ ಬೆಲ್ಲ ಮುಟ್ಟುವುದಿಲ್ಲವೆಂದು ಹರಕೆ ಹೊತ್ತು ಸಪ್ಪೆ ಚಹಾ ಕುಡಿಯುತ್ತಿದ್ದಳಂತೆ. ಕಾಸಿಂಸಾಬ ಸಂತೆಯ ದಿನ, ಗಿರಾಕಿ ತುಂಬಿದ ಅಂಗಡಿ ಬಿಟ್ಟು ಬಂದಿದ್ದ. ಅಬಿದಾ ವೈನಿ ತಮ್ಮ ಮನೆಯ ರೊಟ್ಟಿಯ ಮೇಲೆ ನಮ್ಮಿಬ್ಬರ ಪಾಲಿನದನ್ನೂ ದಿನಾ ಬಡಿದಿದ್ದರು. ಮಾವ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಗುಡಿಗೆ ಹೋಗಿ, ನನ್ನ ಸಲುವಾಗಿ ವಿಭೂತಿ ತಂದಿದ್ದರು. ಮಾವನನ್ನು ಬಿಟ್ಟರೆ ವಿಷಯ ಓಣಿಯ ಆಚೆ ಒಬ್ಬರ ಕಿವಿಗೂ ಬಿದ್ದಿರಲಿಲ್ಲ. ನಾನು ನಿಜವಾಗಿಯೂ ಕುಡುಕನಾಗಿದ್ದರೆ ಈ ಜನ ನನ್ನನ್ನು ಬದುಕಿಸುತ್ತಿದ್ದರು. ಇಷ್ಟೆಲ್ಲ ಮಾಡಿದವರ ಮುಂದೆ ನಿಂತು, ನೀವು ಪಟ್ಟ ಪಾಡೆಲ್ಲ ದಂಡ ಎಂದು ಯಾವ ಬಾಯಿಂದ ಹೇಳಲಿ?

"ತಪ್ಪಾತ್ರಿ" ಎಂದೆ. "ಇನ್ನ ಮುಟ್ಟೂದಿಲ್ಲ."

ಮಾವ ಎದ್ದು ನನ್ನ ಹಣೆಗೆ ವಿಭೂತಿ ಹಚ್ಚಿದರು. ಮುಟ್ಟದ್ದನ್ನು ಬಿಟ್ಟ ಪುರುಷ ಭೂಮಿಯ ಮೇಲೆ ನಾನೊಬ್ಬನೇ ಇದ್ದೇನು. ಚನ್ನವ್ವ ಆಯಿ ಒಂದು ತುಂಡು ಬೆಲ್ಲ ತರಿಸಿ ಅರ್ಧ ನನ್ನ ಬಾಯಿಗಿಟ್ಟು ಅರ್ಧ ತಾನು ತಿಂದಳು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ನಮ್ಮ ಅಡುಗೆಮನೆಗೇ ನುಗ್ಗಿದರು. ಸ್ವಲ್ಪ ಹೊತ್ತಿಗೆ ನಮ್ಮ ಮನೆಯಲ್ಲೂ ಪಟಪಟ ಸಪ್ಪಳ ಎದ್ದಿತು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು. ಆ ಊಟದಷ್ಟು ರುಚಿಯಾದ ಊಟ ನಾನು ಈ ತನಕ ಉಂಡಿಲ್ಲ. ಅದಕ್ಕೆ ಪಕ್ಕದಲ್ಲಿ ಯಾವ ಜೋಡಿಯೂ ಬೇಕಾಗಲಿಲ್ಲ.

ಇದೆಲ್ಲ ಆಗಿ ಎರಡು ವರ್ಷವಾಯಿತು. ಈಗ ಓಣಿಯಲ್ಲಿ ಯಾವನಾದರೂ ತೂರಾಡುತ್ತಾ ಬಂದರೆ ಅವನ ಹೆಂಡತಿ ನನ್ನ ಕಡೆ ಕೈ ತೋರಿಸುತ್ತಾಳೆ. "ಕಲ್ಮೇಶಣ್ಣಾರನ್ನ ನೋಡಿ ಕಲಿ. ಅವರ ಕುಡಿದಷ್ಟು ಯಾರು ಕುಡದಾರು? ಒಂದ ದಿನದಾಗ ಬಿಟ್ರು!" ಮೊನ್ನೆ ಮಾವನವರು ಸಿಂದಗಿಯಲ್ಲಿ ಕುಡಿತ ಬಿಡಿಸುವ ಶಿಬಿರ ಮಾಡಿಸುತ್ತೇನೆಂದು ಹೇಳಿಕಳಿಸಿದರು. ಮುಖ್ಯ ಭಾಷಣ, ಅಳಿಯಂದಿರದು. ವಿಷಯ, ನನ್ನ ಅನುಭವ.

ಇವತ್ತು ಸಂಜೆ ಭಾಷಣ ಬರೆಯಲು ಕೂತೆ. ಮೊದಲ ಗುಟುಕು ಹೇಗೆ ಮನುಷ್ಯನನ್ನು ಹಿಡಿಯುತ್ತದೆ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. "ಅದರ ರುಚಿ ಹ್ಯಾಂಗಿರತೈತೋ ಏನೋ" ಎಂದು ಗೊಣಗಿದೆ.

ವಿದ್ಯಾವತಿ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ಕೂಡ ನೋಡದೆ ಹೇಳಿದಳು. "ಮೊದಲ ಒಗರ. ನೇರಳಿ ಹಣ್ಣ ತಿಂದಾಂಗ ನಾಲಿಗಿ ಹಿಡೀತೈತಿ. ಆಮ್ಯಾಲೆ ಹುಳಿ. ಕಡೀಕ ಎದ್ಯಾಗ ಬೆಚ್ಚಗ. ಬರಕೋರಿ."

"ನಿನಗ ಹ್ಯಾಂಗ ಗೊತ್ತು?"

"ಗಿಡಕ್ಕ ಹಾಕೂ ಮುಂಚೆ, ಗಿಡಾ ಒಣಗೀತೇನಂತ ನೋಡಬೇಕಲ್ರಿ. ಚನ್ನವ್ವ ಆಯಿ ಎರಡ ಚಮಚಾ, ನಾ ಅರ್ಧಾ ಬಟ್ಟಲಾ."

ನಾನು ಪೆನ್ನು ಕೆಳಗಿಟ್ಟೆ. "ಅದು ವಾರದಿಂದ ಇಟ್ಟಿದ್ದ ಅದ ಬಾಟ್ಲಿ ಅಂತ ನಿನಗ ಗೊತ್ತಿತ್ತು. ಅಷ್ಟು ಮಂದಿ ಮುಂದ ಜೋರಾಗಿ ಒಂದ ಮಾತು ಹೇಳಿದ್ರ ಏನಾಗ್ತಿತ್ತು?"

"ನಮ್ಮವ್ವ ಹೊಸೆದ ಶ್ಯಾವಿಗಿಗೆ ವಿನೆಗರ್ ಸುರುವಿದವರ ಸಲುವಾಗಿ? ಹೇಳಬೇಕಿತ್ತೇನ್ರಿ?" ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಮತ್ತೊಂದ ಬರಕೋರಿ. ಅದಕ್ಕ ಜೋಡಿ ಮ್ಯಾಕ್ರೋನಿ ಅಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ. ನಾನೂ ಆಯಿನೂ ಹಚಗೊಂಡು ನೋಡೇವಿ."

ಭಾಷಣದ ಕೊನೆಯಲ್ಲಿ ಉಪಕಾರ ಸ್ಮರಿಸುವ ಪದ್ಧತಿ ಇದೆಯಲ್ಲ, ಅಲ್ಲಿ ಓಣಿಯವರ ಹೆಸರಿಗಿಂತ ಮೇಲೆ ಹೆಂಡತಿಯ ಹೆಸರು ಹಾಕಿದೆ. ಆಮೇಲೆ ಮತ್ತೆ ಮೇಲಕ್ಕೆ ಹೋಗಿ, ನನ್ನ ಅನುಭವ ಎಂದಿದ್ದ ಕಡೆ, "ಮೊದಲು ಒಗರು" ಎಂದು ಬರೆದುಕೊಂಡೆ.